ಅಕ್ವೇರಿಯಂ ಗೊಂಬೆಗಳ ಪಾಚಿ ತೆಗೆಯುವುದು: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಮ್ಮೂರಲ್ಲಿ ಪಾಚಿಯ ಪರಿಚಯ ಇಲ್ಲದವರು ಯಾರಿದ್ದಾರೆ? ಜೂನ್ ಬಂತೆಂದರೆ ಅಂಗಳ, ಮೆಟ್ಟಿಲು, ಬಾವಿಕಟ್ಟೆ, ತೋಟಕ್ಕೆ ಇಳಿಯುವ ದಾರಿ ಎಲ್ಲ ಹಸಿರು. ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಎರಚಿ, ಹಿಡಿಸೂಡಿಯಲ್ಲಿ ಗಸಗಸ ತಿಕ್ಕಿದರೆ ಮುಗಿಯಿತು. ಅಂಗಳದಲ್ಲಿ ಉಳಿದ ಪೌಡರನ್ನು ಮುಂದಿನ ಮಳೆ ತೊಳೆದುಕೊಂಡು ಹೋಗುತ್ತದೆ. ಗಾಜಿನ ಟ್ಯಾಂಕಿನಲ್ಲಿ ಮಳೆ ಬರುವುದಿಲ್ಲ ನೋಡಿ. ಗೊಂಬೆಯ ಮೇಲೆ ಏನು ಉಳಿಯಿತೋ ಅದನ್ನು ಮೀನೇ ಕುಡಿಯಬೇಕು, ಮೀನೇ ಉಸಿರಾಡಬೇಕು.

ನನ್ನ ಮನೆ ಬದಿಯಡ್ಕದ ಹತ್ತಿರ. ಮೀನು ಸಾಕಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಡಿಕೆ ಮಾರಲು ಹೋದಲ್ಲಿ ಕೇಳಿದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಎಲ್ಲವೂ ಸಿಹಿನೀರಿನ ಟ್ಯಾಂಕಿಗೆ ಸಂಬಂಧಿಸಿದ್ದು.

ಪಾಚಿ ಇದ್ದರೆ ಮೀನಿಗೆ ತೊಂದರೆ ಇದೆಯಾ? ತೆಗೆಯಲೇಬೇಕಾ?

ಹೆಚ್ಚಿನ ಜಾತಿಯ ಪಾಚಿಗಳು ಮೀನಿಗೆ ಏನೂ ಮಾಡುವುದಿಲ್ಲ. ಗಪ್ಪಿ, ಮೋಲಿಗಳಂತೂ ಅದನ್ನು ಕುಕ್ಕಿ ತಿನ್ನುತ್ತಲೇ ಇರುತ್ತವೆ. ತೊಂದರೆ ಇರುವುದು ನಮ್ಮ ಕಣ್ಣಿಗೆ, ಮತ್ತೆ ನೆಂಟರು ಬರುವ ದಿನ ಮನೆಯವರಿಗೆ. ನಾನು ಮುಂದಿನ ಗಾಜನ್ನು ಮಾತ್ರ ಸ್ವಚ್ಛ ಇಡುತ್ತೇನೆ. ಹಿಂದಿನ ಕಲ್ಲಿನ ಮೇಲೆ ಹಸಿರು ಇದ್ದರೆ ಇರಲಿ, ಹೊಳೆಯ ಕಲ್ಲಿನ ಹಾಗೆ ಕಾಣುತ್ತದೆ.

ಆದರೆ ಪದರ ದಪ್ಪವಾಗಿ ಅದರಡಿಯಲ್ಲಿ ಕೊಳೆ ಸೇರಿದ್ದರೆ, ಗಿಡದ ಎಲೆ ಮುಚ್ಚಿಹೋಗಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ ಆಗ ಕೈ ಹಾಕಬೇಕು.

ಒಂದು ಕಂದು, ಒಂದು ಹಸಿರು, ಇನ್ನೊಂದು ಕಪ್ಪು ಗಡ್ಡದ ಹಾಗೆ. ಎಲ್ಲ ಒಂದೇನಾ?

ಅಲ್ಲ. ಮತ್ತೆ ಯಾವುದೆಂದು ತಿಳಿದುಕೊಂಡರೆ ಅರ್ಧ ಕೆಲಸ ತಪ್ಪುತ್ತದೆ.

ಹೊಸ ಟ್ಯಾಂಕಿನಲ್ಲಿ ಕಾಫಿ ಪುಡಿ ಬಳಿದ ಹಾಗೆ ಬರುವ ಕಂದು ಪದರ ಡಯಾಟಮ್. ನೀರಿನಲ್ಲಿ, ಹೊಸ ಮರಳಿನಲ್ಲಿ ಇರುವ ಸಿಲಿಕಾ ಬಳಸಿಕೊಂಡು ಬೆಳೆಯುತ್ತದೆ. ಬೆರಳಿನಲ್ಲಿ ಒರೆಸಿದರೆ ಬರುತ್ತದೆ. ಕೆಲವು ವಾರ ಕಳೆದರೆ ಬಹಳ ಸಲ ತಾನಾಗಿಯೇ ಹೋಗುತ್ತದೆ. ಇದಕ್ಕೆ ಯಾವ ಮದ್ದೂ ಬೇಡ.

ಹಸಿರು ಚುಕ್ಕೆ ಗಟ್ಟಿ ಜಾತಿ. ಗಾಜಿನ ಮೇಲೆ, ಪ್ಲಾಸ್ಟಿಕ್ ಎಲೆಯ ಮೇಲೆ ಅಂಟಿ ಕೂತಿರುತ್ತದೆ. ಗಾಜಾದರೆ ಬ್ಲೇಡಿನಲ್ಲಿ ಕೆರೆಯಬಹುದು, ಅಕ್ರಿಲಿಕ್ ಟ್ಯಾಂಕ್ ಆದರೆ ಬ್ಲೇಡ್ ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು. ಕೂದಲಿನಂತೆ ಉದ್ದ ಎಳೆ ಇರುವುದಾದರೆ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಶ್ಯಾವಿಗೆ ಎಳೆದಂತೆ ಎಳೆಯಿರಿ. ನೋಡಲು ಮಜಾ ಇರುತ್ತದೆ.

ಕಪ್ಪು ಗಡ್ಡ ಎಲ್ಲಕ್ಕಿಂತ ಹಟಮಾರಿ. ಹೆಸರು ಕಪ್ಪು, ಕುಲ ಕೆಂಪು ಪಾಚಿಯದ್ದು. ಸತ್ತ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಗ ಅದರ ನಿಜ ಬಣ್ಣ ಗೊತ್ತಾಗುತ್ತದೆ. ತಿಕ್ಕಿದರೆ ಹೋಗುವ ಗಿರಾಕಿ ಅಲ್ಲ, ಮದ್ದೇ ಬೇಕು.

ಇನ್ನೊಂದು ಇದೆ. ನೀಲಿ ಮಿಶ್ರಿತ ಹಸಿರು, ಲೋಳೆ ಲೋಳೆ, ಚಾಪೆ ಎತ್ತಿದ ಹಾಗೆ ಒಟ್ಟಿಗೆ ಏಳುತ್ತದೆ, ಮಣ್ಣಿನ ಕಮಟು ವಾಸನೆ. ಇದು ಪಾಚಿಯೇ ಅಲ್ಲ, ಸೈನೋಬ್ಯಾಕ್ಟೀರಿಯಾ. ಇದನ್ನು ಟ್ಯಾಂಕಿನೊಳಗೇ ತಿಕ್ಕಿದರೆ ಚೂರುಗಳು ಹರಡುತ್ತವೆ. ಪೈಪ್ ಹಾಕಿ ಹೀರಿ ಹೊರಗೆ ತೆಗೆಯಿರಿ. ಆಮೇಲೆ ಮೂರು ನಾಲ್ಕು ದಿನ ಲೈಟ್ ಹಾಕದೆ, ಕಂಬಳಿ ಮುಚ್ಚಿ, ಏರ್ ಪಂಪ್ ಮಾತ್ರ ಓಡಿಸಿ.

ಏನೂ ಮದ್ದು ಹಾಕದೆ ತೊಳೆಯುವುದು ಹೇಗೆ?

ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕು. ಮೊದಲು ಪಂಪ್, ಲೈಟ್, ಹೀಟರ್ ಇದ್ದರೆ ಅದು, ಎಲ್ಲದರ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮಲ್ಲಿ ಮಳೆಗಾಲದ ಕರೆಂಟು ಯಾವಾಗ ಏನು ಮಾಡುತ್ತದೆ ಎಂದು ಹೇಳಲಾಗದು.

ನೀರು ಬದಲಿಸುವ ದಿನವೇ ಈ ಕೆಲಸ ಇಟ್ಟುಕೊಳ್ಳಿ. ಟ್ಯಾಂಕಿನಿಂದ ತೆಗೆದ ನೀರು ಒಂದು ಬಕೆಟಿನಲ್ಲಿ ಇರಲಿ. ಗೊಂಬೆಯನ್ನು ಅದರೊಳಗೆ ಮುಳುಗಿಸಿ ಹೊಸ ಟೂತ್‌ಬ್ರಷ್‌ನಿಂದ ತಿಕ್ಕಿ. ಹಳೆಯದು ಬೇಡ, ಅದರ ಬುಡದಲ್ಲಿ ಪೇಸ್ಟ್ ಉಳಿದಿರುತ್ತದೆ. ತೆಂಗಿನ ನಾರು, ಒಣಗಿದ ಹೀರೆಕಾಯಿಯ ನಾರು ಎರಡೂ ಬಹಳ ಒಳ್ಳೆಯದು, ಆದರೆ ಪಾತ್ರೆ ತೊಳೆದ ನಾರು ಆಗಬಾರದು. ಸ್ಟೀಲ್ ಉಜ್ಜುಗ ಗೊಂಬೆಯ ಬಣ್ಣ ಕೀಳುತ್ತದೆ, ಅದರ ಚೂರು ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಪಿಂಗಾಣಿ ಗೊಂಬೆಗೆ, ಬಣ್ಣವಿಲ್ಲದ ಕಲ್ಲಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ತಿಕ್ಕಬಹುದು. ಆಮೇಲೆ ಚೆನ್ನಾಗಿ ತೊಳೆದರಾಯಿತು.

ಬಕೆಟಿನ ಹಸಿರು ನೀರನ್ನು ಚೆಲ್ಲಬೇಡಿ, ಮಲ್ಲಿಗೆ ಬುಡಕ್ಕೆ ಹಾಕಿ.

ಗೊಂಬೆ ಎತ್ತುವ ಮೊದಲು ಒಳಗೆ ಇಣುಕಿ ನೋಡುವುದನ್ನು ಮರೆಯಬೇಡಿ. ನಮ್ಮ ಟ್ಯಾಂಕಿನಲ್ಲಿ ಒಂದು ಕೋಟೆ ಇದೆ, ಮಕ್ಕಳು ಅದಕ್ಕೆ ಬೇಕಲ ಕೋಟೆ ಎಂದೇ ಹೆಸರಿಟ್ಟಿದ್ದಾರೆ. ಒಂದು ಸಲ ಅದನ್ನು ಎತ್ತಿ ಬಚ್ಚಲಲ್ಲಿ ಇಟ್ಟು ಚಾ ಕುಡಿಯಲು ಹೋದೆ. ಬಂದು ನೋಡಿದರೆ ಕೋಟೆಯೊಳಗಿಂದ ಟಪ್ ಟಪ್ ಸದ್ದು. ಒಂದು ಲೋಚ್ ಮೀನು ಬುರುಜಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪುಣ್ಯಕ್ಕೆ ಬದುಕಿತು. ಆವತ್ತು ಬ್ಲೀಚ್ ನೀರು ಕಲಸಿಟ್ಟಿದ್ದೆ, ಚಾ ಕುಡಿದು ಬಂದು ಅದರಲ್ಲಿ ಮುಳುಗಿಸುವುದೆಂದು ಲೆಕ್ಕ ಹಾಕಿದ್ದೆ. ನೆನೆಸಿದರೆ ಈಗಲೂ ಮೈ ಜುಂ ಎನ್ನುತ್ತದೆ. ಏಂಜೆಲ್ ಮೀನು ಸಾಕುವವರು ಗೊಂಬೆಯ ಮೇಲೆ ಮೊಟ್ಟೆ ಇದೆಯಾ ಎಂದೂ ನೋಡಿ.

ಪಾತ್ರೆ ತೊಳೆಯುವ ಸೋಪು ಹಾಕಬಾರದು ಸರಿ. ಅಂಟುವಾಳ, ಸೀಗೆ, ಬೂದಿ? ಅದು ನೈಸರ್ಗಿಕ ಅಲ್ವಾ?

ಈ ಪ್ರಶ್ನೆ ಕೇಳುವವರು ಒಳ್ಳೆಯ ಮನಸ್ಸಿನವರು. ಅವರ ಮೀನಿಗೇ ಜಾಸ್ತಿ ಅಪಾಯ.

ಅಂಟುವಾಳದಲ್ಲಿ ನೊರೆ ಬರುವುದು ಸಪೋನಿನ್ ಎಂಬ ಪದಾರ್ಥದಿಂದ. ಅದು ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ಸೀಗೆಯಲ್ಲೂ ಇರುವುದು ಅದೇ. ಹಿಂದೆ ಹಳ್ಳದ ಗುಂಡಿಯಲ್ಲಿ ಮೀನು ಹಿಡಿಯಲು ಕಾರೆಕಾಯಿ ಜಜ್ಜಿ ನೀರಿಗೆ ಬಿಡುತ್ತಿದ್ದರು ಎಂದು ಅಜ್ಜಂದಿರು ಹೇಳುವುದನ್ನು ಕೇಳಿರಬಹುದು. ಮೀನು ಅಮಲೇರಿದ ಹಾಗಾಗಿ ಮೇಲೆ ತೇಲುತ್ತಿತ್ತು. ಅದರ ಗುಟ್ಟೂ ಇದೇ ಸಪೋನಿನ್. ನಮ್ಮ ತಲೆಗೆ ತಂಪು, ಮೀನಿಗೆ ವಿಷ. ಬೂದಿಯ ಕ್ಷಾರ ನೀರಿನ ಗುಣವನ್ನೇ ಏರುಪೇರು ಮಾಡುತ್ತದೆ. ಪಾತ್ರೆ ಸೋಪಿನ ಬಗ್ಗೆ ಹೇಳುವುದೇ ಬೇಡ, ಗೊಂಬೆಯ ಸಂದಿನಲ್ಲಿ ಕೂತರೆ ಹತ್ತು ಸಲ ತೊಳೆದರೂ ಹೋಗುವುದಿಲ್ಲ.

ಹಾಗಾದರೆ ಬ್ಲೀಚ್ ಹಾಕಬಹುದಾ? ಕೆಲವರು ಹೌದು ಅನ್ನುತ್ತಾರೆ, ಕೆಲವರು ಅಯ್ಯೋ ಅನ್ನುತ್ತಾರೆ.

ಇಬ್ಬರೂ ಸರಿ. ಲೆಕ್ಕ ಸರಿ ಇದ್ದರೆ ಹಾಕಬಹುದು, ಅಂದಾಜಿನಲ್ಲಿ ಹಾಕಿದರೆ ಅಯ್ಯೋ.

ಬೇಕಾಗುವುದು ವಾಸನೆ, ಬಣ್ಣ, ನೊರೆ ಏನೂ ಸೇರಿಸದ ತೆಳು ದ್ರವ ಬ್ಲೀಚ್. ಲೇಬಲ್ಲಿನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ನಾಲ್ಕೈದು ಶೇಕಡಾ ಎಂದಿರುತ್ತದೆ. ಹೂವಿನ ಪರಿಮಳ, ನಿಂಬೆ ಪರಿಮಳ ಇರುವುದು ಬೇಡ. ದಪ್ಪಗೆ ಜೆಲ್ಲಿನ ಹಾಗಿರುವ ಟಾಯ್ಲೆಟ್ ಕ್ಲೀನರ್ ಬೇಡವೇ ಬೇಡ. ಅಳತೆ ಹೀಗೆ: 950 ಮಿ.ಲೀ. ನೀರಿಗೆ 50 ಮಿ.ಲೀ. ಬ್ಲೀಚ್. ನೀರು ಮೊದಲು, ಬ್ಲೀಚ್ ಆಮೇಲೆ. ಕೈಗೆ ಗ್ಲೌಸ್ ಹಾಕಿ, ಗಾಳಿ ಆಡುವ ಜಾಗದಲ್ಲಿ, ಅಂದರೆ ಹೊರಗೆ ಅಂಗಳದಲ್ಲೇ ಮಾಡಿ.

ಗೊಂಬೆಯನ್ನು ಮೊದಲು ತಿಕ್ಕಿ ಲೋಳೆ ತೆಗೆದಿರಬೇಕು. ಆಮೇಲೆ 10ರಿಂದ 15 ನಿಮಿಷ ಮುಳುಗಿಸಿ. ಅರ್ಧ ಗಂಟೆ ಬಿಟ್ಟರೆ ಇನ್ನೂ ಬಿಳಿ ಆಗುತ್ತದೆ ಎಂದು ಆಸೆ ಪಡಬೇಡಿ, ಬಣ್ಣವೇ ಎದ್ದು ಬರುತ್ತದೆ. ತೆಗೆದು ಹರಿಯುವ ನೀರಿನಲ್ಲಿ ತೊಳೆದು, ಬೇರೆ ಬಕೆಟಿನಲ್ಲಿ ಆಂಟಿ ಕ್ಲೋರಿನ್ ಮಾಮೂಲಿಗಿಂತ ಮೂರು ಪಟ್ಟು ಹಾಕಿದ ನೀರಿನಲ್ಲಿ ಒಂದು ದಿನ ಇಡಿ. ಅಂಗಡಿಯಲ್ಲಿ ಹೈಪೋ ಎಂದು ಸಿಗುವ ಬಿಳಿ ಹರಳು ಕೂಡ ಅದೇ ಕೆಲಸ ಮಾಡುತ್ತದೆ, ಅದು ಸೋಡಿಯಂ ಥಯೋಸಲ್ಫೇಟ್. ಹೈಪೋ ಬೇರೆ, ಹೈಪೋಕ್ಲೋರೈಟ್ ಬೇರೆ. ಒಂದು ಕ್ಲೋರಿನ್ ತೆಗೆಯುವುದು, ಇನ್ನೊಂದು ಕ್ಲೋರಿನ್ ಕೊಡುವುದು. ಅಂಗಡಿಯವರ ಹತ್ತಿರ ಕೇಳುವಾಗ ಅರ್ಧ ಹೆಸರು ಹೇಳಿ ಬಿಡಬೇಡಿ. ಆಮೇಲೆ ಮತ್ತೊಮ್ಮೆ ತೊಳೆದು, ಪೂರ್ತಿ ಒಣಗುವ ತನಕ ಬಿಸಿಲಿಗೆ ಇಡಿ. ಕೊನೆಗೆ ಮೂಗಿಗೆ ಹಿಡಿದು ನೋಡಿ. ಬ್ಲೀಚಿನ ವಾಸನೆ ಚೂರು ಬಂದರೂ ಇನ್ನೊಂದು ದಿನ ಆಂಟಿ ಕ್ಲೋರಿನ್ ನೀರಿನಲ್ಲಿ ಇರಲಿ.

ಟೊಳ್ಳು ಗೊಂಬೆಯಾದರೆ ಇನ್ನೂ ಒಂದು ಕೆಲಸ ಇದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸದ್ದು ಬಂದರೆ ಅದು ಬ್ಲೀಚ್ ನೀರೇ. ತೂತಿನ ಕಡೆ ಕೆಳಗೆ ಮಾಡಿ ರಾತ್ರಿಯಿಡೀ ಇಡಬೇಕು. ಒಳಗೆ ನೀರು ಹೋಗುವ ದಾರಿ ಇದ್ದು ಹೊರಗೆ ಬರುವ ದಾರಿ ಸರಿಯಿಲ್ಲದ ಗೊಂಬೆಗೆ ಬ್ಲೀಚ್ ಬೇಡ.

ಒಂದು ಎಚ್ಚರಿಕೆ. ಬ್ಲೀಚಿಗೆ ವಿನೆಗರ್, ನಿಂಬೆರಸ, ಬಾತ್‌ರೂಮ್ ಆಸಿಡ್ ಯಾವುದೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಸೇರಿದರೂ ವಿಷಗಾಳಿಯೇ. ಎರಡು ಮದ್ದು ಸೇರಿದರೆ ಡಬಲ್ ಸ್ವಚ್ಛ ಎಂದು ಯಾರೋ ಹೇಳುತ್ತಾರೆ, ಕೇಳಬೇಡಿ.

ಮನೆಯಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆ. ಅದನ್ನೇ ಹಾಕಿದರೆ ಆಗದಾ?

ಬೇಡ. ಪೌಡರಿನ ಬಲ ಎಷ್ಟು ಎಂದು ನಮಗೆ ಗೊತ್ತಾಗುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಪ್ಯಾಕೆಟ್ ಒಡೆದ ಮೇಲೆ ಬಲ ದಿನದಿನಕ್ಕೆ ಇಳಿಯುತ್ತದೆ. ಮತ್ತೆ ಅದರಲ್ಲಿ ಸುಣ್ಣ ಇದೆ, ಗೊಂಬೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ಇದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ಮಳೆ ಶುರುವಾಗುವಾಗ ಬಾವಿಗೆ ಕ್ಲೋರಿನ್ ಹಾಕುತ್ತಾರಲ್ಲ, ಸಾಮಾನ್ಯ ಲೆಕ್ಕ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್. ಅಂದರೆ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್. ನಾವು ಕುಡಿದರೆ ಏನೂ ಆಗುವುದಿಲ್ಲ. ಮೀನಿಗೆ ಅದೇ ಸಾಕು, ಏಕೆಂದರೆ ನೀರು ನೇರ ಕಿವಿರಿನ ಮೇಲೆ ಹಾಯುತ್ತದೆ. ನಮ್ಮದು ಬಾವಿ ನೀರು, ಕ್ಲೋರಿನ್ ಇಲ್ಲ ಎಂದು ವರ್ಷವಿಡೀ ನಿಶ್ಚಿಂತೆಯಲ್ಲಿ ಇರುವವರ ಮೀನು ಜೂನಿನಲ್ಲಿ ಒಂದು ದಿನ ಸಾಯುವುದು ಹೀಗೆಯೇ. ಪೌಡರ್ ಹಾಕಿದ್ದು ಅಜ್ಜಿಗೆ ಗೊತ್ತಿರುತ್ತದೆ, ಮೀನು ಸಾಕುವ ಹುಡುಗನಿಗೆ ಗೊತ್ತಿರುವುದಿಲ್ಲ. ಮೊದಲು ಮನೆಯಲ್ಲಿ ಕೇಳಿ, ಆಮೇಲೆ ನೀರು ಬದಲಿಸಿ.

ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು ಅನ್ನುತ್ತಾರೆ?

ಕಪ್ಪು ಗಡ್ಡಕ್ಕೆ ನನ್ನ ಮೊದಲ ಆಯ್ಕೆ ಅದೇ. ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬ್ಲೀಚಿಗಿಂತ ಇದರಲ್ಲಿ ಒಂದು ಸುಖ ಇದೆ, ಕೆಲಸ ಮುಗಿಸಿ ನೀರು ಮತ್ತು ಆಮ್ಲಜನಕವಾಗಿ ಒಡೆದು ಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ.

ಬಾಟಲಿ ಸರಿಯಾಗಿ ಓದಿ. ನಮಗೆ ಬೇಕಾದ್ದು 3 ಶೇಕಡಾ. ಬಹಳ ಸಲ ಕೈಗೆ ಬರುವುದು 6 ಶೇಕಡಾದ್ದು, ಅದರ ಮೇಲೆ 20 ವಾಲ್ಯೂಮ್ ಎಂದು ಬರೆದಿರುತ್ತದೆ. ಅದಕ್ಕೆ ಅಷ್ಟೇ ನೀರು ಸೇರಿಸಿದರೆ 3 ಆಯಿತು. ಗೊಂಬೆಯನ್ನು ನೀರಿನಿಂದ ಹೊರಗೆ ತೆಗೆದು, ಬ್ರಷ್ ಅಥವಾ ಸಿರಿಂಜಿನಿಂದ ಪಾಚಿಯ ಮೇಲೆ ಹಚ್ಚಿ ಹತ್ತು ನಿಮಿಷ ಬಿಡಿ. ಬುಸ್ಸೆಂದು ನೊರೆ ಬರುತ್ತದೆ. ತೊಳೆದು ಟ್ಯಾಂಕಿಗೆ ಹಾಕಿ. ಅದೇ ದಿನ ಪಾಚಿ ಹೋಗಲಿಲ್ಲವೆಂದು ಮತ್ತೆ ಹಚ್ಚಬೇಡಿ. ಎರಡು ಮೂರು ದಿನದಲ್ಲಿ ಗುಲಾಬಿಯೋ ಬಿಳಿಯೋ ಆಗಿ ಉದುರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಬಿಳಿಚಿ ಉರಿಯುತ್ತದೆ, ಗ್ಲೌಸ್ ಇರಲಿ. ಬಾಟಲಿ ಬೆಳಕಿಗೆ ಇಡಬೇಡಿ, ಬಲ ಹೋಗುತ್ತದೆ.

ಮೈಲುತುತ್ತು ಪಾಚಿ ಕೊಲ್ಲುತ್ತದಂತೆ. ಮನೆಯಲ್ಲಿ ಹೇಗೂ ಇದೆಯಲ್ಲ?

ಇದೆ, ಗೊತ್ತು. ಅಡಿಕೆ ತೋಟ ಇರುವ ಮನೆಯಲ್ಲಿ ಮೈಲುತುತ್ತು ಇಲ್ಲದೆ ಮಳೆಗಾಲ ಕಳೆಯುವುದುಂಟೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕೊಳೆರೋಗಕ್ಕೆ ಬೋರ್ಡೋ ತಯಾರು. ಅದು ಪಾಚಿ ಕೊಲ್ಲುವುದೂ ನಿಜ.

ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೂ ವಿಷ, ಬಸವನಹುಳು ಮತ್ತು ಸಿಗಡಿಗಂತೂ ಕಡು ವಿಷ. ನಮ್ಮೂರಿಗೆ ಇನ್ನೊಂದು ಪೇಚು ಇದೆ. ಮುರಕಲ್ಲಿನ ನೆಲದ ಬಾವಿ ನೀರು, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು ನೀರು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಗಡಸು ನೀರಿನಲ್ಲಿ ತಾಮ್ರದ ವಿಷ ಸ್ವಲ್ಪ ತಗ್ಗುತ್ತದೆ, ಮೆದು ನೀರಿನಲ್ಲಿ ಪೂರ್ತಿ ಬಲದಲ್ಲಿ ಕೆಲಸ ಮಾಡುತ್ತದೆ. ಬೇರೆ ಊರಿನವರು ಇಷ್ಟು ಹನಿ ಹಾಕಿದೆವು, ಏನೂ ಆಗಲಿಲ್ಲ ಎಂದರೆ ನಂಬಿ ಹಾಕಬೇಡಿ, ಅವರ ನೀರು ಬೇರೆ.

ಮದ್ದು ಬಿಡಲು ಬಳಸಿದ ಬಕೆಟ್, ಡ್ರಮ್, ಮಗ್ ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ತೊಳೆದರೂ ಬೇಡ. ನಾನು ಮೀನಿಗೆಂದೇ ಕೆಂಪು ಬಕೆಟ್ ಇಟ್ಟು ಅದರ ಮೇಲೆ ದೊಡ್ಡದಾಗಿ ಮೀನು ಎಂದು ಬರೆದಿದ್ದೇನೆ. ಮದ್ದು ಬಿಟ್ಟು ಬಂದ ಕೈಯನ್ನೂ ಟ್ಯಾಂಕಿಗೆ ಹಾಕಬೇಡಿ.

ಪಾಚಿ ಹೋಯಿತು, ಬಿಳಿ ಕಲೆ ಉಳಿಯಿತು. ಅದೇನು?

ನೀರಿನ ಗೆರೆಯ ಹತ್ತಿರ, ಗುಳ್ಳೆ ಬರುವ ಗೊಂಬೆಯ ಬಾಯಿಯಲ್ಲಿ ಕೂರುವ ಸುಣ್ಣದ ಪೊರೆ. ವಿನೆಗರಿಗೆ ಅಷ್ಟೇ ನೀರು ಸೇರಿಸಿ ಅರ್ಧ ಗಂಟೆ ನೆನೆಹಾಕಿ ತಿಕ್ಕಿದರೆ ಹೋಗುತ್ತದೆ. ಚಿಪ್ಪು, ಸುಣ್ಣಕಲ್ಲಿಗೆ ಮಾತ್ರ ವಿನೆಗರ್ ಬೇಡ, ಅವು ಕರಗುತ್ತವೆ. ನಮ್ಮ ಅತ್ತಿಗೆ ಹಿತ್ತಾಳೆ ದೀಪಕ್ಕೆ ಹಚ್ಚುವ ಬಿಂಬುಳಿ ಎಂಬ ಹುಳಿಕಾಯಿಯಲ್ಲೇ ತಿಕ್ಕಿ ತೋರಿಸಿದ್ದರು, ಫಳಫಳ ಆಯಿತು. ನಾನು ವಿನೆಗರನ್ನೇ ಹೇಳುತ್ತೇನೆ, ಅಳತೆ ಗೊತ್ತಿರುತ್ತದೆ.

ಕುದಿಸಿದರೆ ಎಲ್ಲ ಸಾಯುತ್ತದಲ್ಲ? ಸುಮ್ನೆ ಯಾಕೆ ಇಷ್ಟೆಲ್ಲ?

ಸಾಯುತ್ತದೆ, ಆದರೆ ಎಲ್ಲವನ್ನೂ ಕುದಿಸಲು ಆಗುವುದಿಲ್ಲ. ರೆಸಿನ್ ಗೊಂಬೆ ಮೆತ್ತಗಾಗಿ ಬಣ್ಣ ಬಿಡುತ್ತದೆ. ಪ್ಲಾಸ್ಟಿಕ್ ಗಿಡ ಮುದುಡುತ್ತದೆ. ಬಣ್ಣವಿಲ್ಲದ ಪಿಂಗಾಣಿ, ಮರದ ತುಂಡು ಕುದಿಸಬಹುದು. ಮರಕ್ಕೆ ಬ್ಲೀಚ್ ಯಾವತ್ತೂ ಬೇಡ, ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಕುದಿಸಿದಾಗ ಚಾ ಬಣ್ಣದ ನೀರು ಬರುತ್ತದೆ, ಅದು ಟ್ಯಾನಿನ್, ಹೆದರಬೇಡಿ.

ಕಲ್ಲು ಕುದಿಸುವ ಬದಲು ಮೇಲಿನಿಂದ ಬಿಸಿನೀರು ಹೊಯ್ಯಿರಿ. ಒಳಗೆ ನೀರು ಸೇರಿದ ಕಲ್ಲು ಕಾಯಿಸಿದಾಗ ಸಿಡಿಯಬಹುದು.

ಈಗ ಮುರಕಲ್ಲಿನ ವಿಷಯ, ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮನೆ ಕಟ್ಟಿ ಉಳಿದ ಕೆಂಪುಕಲ್ಲಿನ ತುಂಡು ಟ್ಯಾಂಕಿನಲ್ಲಿ ಬಹಳ ಚಂದ ಕಾಣುತ್ತಿತ್ತು. ಪಾಚಿ ಹಿಡಿದಾಗ ಬ್ಲೀಚಿನಲ್ಲಿ ಅದ್ದಿ, ತೊಳೆದು, ಸಂಜೆಗೇ ವಾಪಸ್ ಇಟ್ಟೆ. ಬೆಳಿಗ್ಗೆ ಆರು ಗಪ್ಪಿ ಮೇಲೆ ತೇಲುತ್ತಿದ್ದವು. ಜೇನುಗೂಡಿನ ಹಾಗೆ ತೂತು ಇರುವ ಕಲ್ಲು ಅದು, ಮೇಲೆ ತೊಳೆದರೆ ಒಳಗಿನದ್ದು ಹೋಗುತ್ತದೆಯೇ? ಮುರಕಲ್ಲು, ಮಣ್ಣಿನ ಮಡಕೆ, ಸಿಮೆಂಟಿನ ಗೊಂಬೆ ಮೂರಕ್ಕೂ ಬ್ರಷ್, ಬಿಸಿನೀರು, ಬಿಸಿಲು ಇಷ್ಟೇ.

ಕಡಲ ಬದಿಯಿಂದ ಹೆಕ್ಕಿ ತಂದ ಚಿಪ್ಪಿನ ಬಗ್ಗೆಯೂ ಕೇಳುತ್ತಾರೆ. ಚಿಪ್ಪು ಸುಣ್ಣವೇ ಆದ್ದರಿಂದ ನಮ್ಮ ಮೆದು ನೀರನ್ನು ನಿಧಾನಕ್ಕೆ ಗಡಸು ಮಾಡುತ್ತದೆ. ಗಪ್ಪಿ, ಮೋಲಿಗೆ ಅದು ಒಳ್ಳೆಯದೇ. ಹವಳ ಮಾತ್ರ ತರಬೇಡಿ, ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತವೆ.

ಎಲ್ಲ ಗೊಂಬೆ ಒಂದೇ ದಿನ ತೊಳೆದು ಮುಗಿಸಬಹುದಾ?

ಮುಗಿಸಬಹುದು, ಮೀನನ್ನೂ ಮುಗಿಸಿದ ಹಾಗೆ ಆದೀತು. ಗೊಂಬೆ, ಕಲ್ಲು, ಫಿಲ್ಟರ್ ಸ್ಪಂಜಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ಎಲ್ಲವನ್ನೂ ಒಮ್ಮೆಗೇ ಬ್ಲೀಚಿಗೆ ಹಾಕಿದರೆ ಆ ಕೆಲಸಗಾರರೆಲ್ಲ ಸತ್ತರು. ಮಾರನೇ ದಿನದಿಂದ ಅಮೋನಿಯಾ ಏರುತ್ತದೆ.

ಒಂದು ವಾರ ಮೂರನೇ ಒಂದು ಪಾಲು, ಎರಡು ವಾರ ಬಿಟ್ಟು ಇನ್ನೊಂದು ಪಾಲು. ಫಿಲ್ಟರ್ ತೊಳೆದ ದಿನ ಗೊಂಬೆ ಮುಟ್ಟಬೇಡಿ.

ಒಂದು ಸಕ್ಕರ್ ಮೀನು ಬಿಟ್ಟರೆ ಎಲ್ಲ ತಿಂದು ಸ್ವಚ್ಛ ಮಾಡುತ್ತದಂತೆ?

ನನಗೂ ಒಬ್ಬ ಅಂಗಡಿಯವನು ಹಾಗೇ ಹೇಳಿ ಕೊಟ್ಟಿದ್ದ. ಬೆರಳುದ್ದದ್ದು ಎರಡು ವರ್ಷದಲ್ಲಿ ಮೊಣಕೈ ಅಷ್ಟು ಆಯಿತು. ಪಾಚಿ ತಿಂದದ್ದಕ್ಕಿಂತ ಹೊಲಸು ಮಾಡಿದ್ದು ಜಾಸ್ತಿ, ಆ ಹೊಲಸೇ ಪಾಚಿಗೆ ಗೊಬ್ಬರ. ಅಮೆರಿಕ ಖಂಡದಿಂದ ಬಂದ ಈ ಮೀನು ಒಂದು ಅಡಿ ದಾಟುತ್ತದೆ. ದೊಡ್ಡದಾಯಿತೆಂದು ಹೊಳೆಗೆ ಬಿಟ್ಟವರಿಂದಾಗಿ ಕೇರಳದ ನೀರುಗಳಲ್ಲಿ ಈಗಾಗಲೇ ಸೇರಿಕೊಂಡಿದೆ. ದಯವಿಟ್ಟು ಹೊಳೆಗೆ ಬಿಡಬೇಡಿ.

ಸಣ್ಣ ಟ್ಯಾಂಕಿಗೆ ನೆರೈಟ್ ಬಸವನಹುಳು ಒಳ್ಳೆಯದು. ಬಿಳಿ ಎಳ್ಳಿನ ಹಾಗೆ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಿನಲ್ಲಿ ಮರಿ ಆಗುವುದಿಲ್ಲ. ನಮ್ಮ ಚಂದ್ರಗಿರಿ ಹೊಳೆಯದ್ದೇ ಒಂದು ಚಂದದ ಮೀನಿದೆ, ಅಂಗಡಿಯಲ್ಲಿ ಮಿಸ್ ಕೇರಳ ಅನ್ನುತ್ತಾರೆ. ಅದೂ ಪಾಚಿ ಮೇಯುತ್ತದೆ. ಆದರೆ 15 ಸೆಂಟಿಮೀಟರ್ ತನಕ ಬೆಳೆಯುವ, ಗುಂಪಿನಲ್ಲಿ ಈಜುವ ಮೀನು, ಎರಡಡಿ ಟ್ಯಾಂಕಿಗೆ ಅಲ್ಲ. ಹೊಳೆಯಿಂದ ಹಿಡಿದು ತರುವ ಯೋಚನೆಯೂ ಬೇಡ, ಅಳಿವಿನ ಅಂಚಿನ ಪಟ್ಟಿಯಲ್ಲಿ ಇದೆ.

ತೊಳೆದು ಎರಡು ವಾರಕ್ಕೆ ಮತ್ತೆ ಅದೇ ಹಸಿರು. ಯಾಕೆ?

ಬೆಳಕು ಮತ್ತು ಊಟ. ಲೈಟ್ ಎಷ್ಟು ಹೊತ್ತು ಉರಿಯುತ್ತದೆ ನೋಡಿ, ಆರರಿಂದ ಎಂಟು ಗಂಟೆ ಸಾಕು. ಬೆಳಿಗ್ಗೆ ಹಾಕಿದ್ದು ರಾತ್ರಿ ಧಾರಾವಾಹಿ ಮುಗಿಯುವ ತನಕ ಉರಿಯುವ ಮನೆಗಳಿವೆ. ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೆ ಟ್ಯಾಂಕಿನ ಜಾಗ ಬದಲಿಸಿ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಅಜ್ಜನೊಮ್ಮೆ, ಮಕ್ಕಳೊಮ್ಮೆ, ಪಾಪ ಹಸಿದಿದೆ ಎಂದು ಚಿಕ್ಕಮ್ಮನೊಮ್ಮೆ ಹಾಕಿದರೆ ಪಾಚಿಗೆ ಹಬ್ಬ. ತೋಟದ ಕೆಳಗಿನ ಬಾವಿಯಾದರೆ ಮಳೆಯಲ್ಲಿ ಗೊಬ್ಬರದ ನೀರು ಇಳಿಯುತ್ತದೆಯೇ ಎಂದೂ ನೋಡಿ. ನೈಟ್ರೇಟ್ ಕಿಟ್ ಒಂದಿದ್ದರೆ ಗೊತ್ತಾಗುತ್ತದೆ.

ಪೇಟೆಯ ಅಂಗಡಿಯಲ್ಲಿ ಪಾಚಿ ಎಂದರೆ ಅರ್ಥವಾಗದಿದ್ದರೆ ಮಲಯಾಳದಲ್ಲಿ ಪಾಯಲ್ ಎನ್ನಿ. ತಕ್ಷಣ ಒಂದು ಬಾಟಲಿ ಮದ್ದು ತೆಗೆದು ಕೊಡುತ್ತಾರೆ. ಲೈಟ್ ಕಡಿಮೆ ಮಾಡುವ ಮೊದಲು ಅದಕ್ಕೆ ದುಡ್ಡು ಹಾಕಬೇಡಿ.

ನನ್ನ ಕೈಗೆ ಏನಾದರೂ ಆಗುತ್ತದಾ?

ಗಾಯ ಇದ್ದರೆ ಆಗಬಹುದು. ಟ್ಯಾಂಕಿನ ನೀರಿನಲ್ಲಿ ಮೈಕೊಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಸೀಳಿದ ಬೆರಳಿನಲ್ಲಿ ಸೇರಿದರೆ ವಾರಗಟ್ಟಲೆ ಮಾಯದ ಗಂಟು ಬರುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಬೆರಳು ಸೀಳದೆ ಇರುವುದು ಯಾವಾಗ? ಗ್ಲೌಸ್ ಹಾಕಿ. ಅಂಥ ಗಂಟು ಬಂದರೆ ಡಾಕ್ಟರ ಹತ್ತಿರ ಮೀನು ಸಾಕುವ ವಿಷಯ ಹೇಳಿ, ನೀವು ಹೇಳದೆ ಅವರಿಗೆ ಹೊಳೆಯಲಿಕ್ಕಿಲ್ಲ. ಪೈಪಿನ ನೀರನ್ನು ಬಾಯಿಯಲ್ಲಿ ಎಳೆಯಬೇಡಿ. ಗೊಂಬೆ ತೊಳೆಯಲು ಅಡುಗೆಮನೆಯ ಸಿಂಕ್ ಬೇಡ.

ಬಿಸಿಲಿಗೆ ಒಣಗಿಸಿ ಅನ್ನುತ್ತೀರಿ. ಜುಲೈಯಲ್ಲಿ ಬಿಸಿಲು ಎಲ್ಲಿಂದ?

ಒಳ್ಳೆಯ ಪ್ರಶ್ನೆ. ಬ್ಲೀಚಿನ ಕೆಲಸವನ್ನು ನಾನು ಡಿಸೆಂಬರಿನಿಂದ ಮೇ ಒಳಗೆ ಮುಗಿಸುತ್ತೇನೆ. ಅಂಗಳದಲ್ಲಿ ಅಡಿಕೆ ಒಣಗುವಾಗ ಪಕ್ಕದಲ್ಲೇ ಕೋಟೆ, ಸೇತುವೆ, ಪ್ಲಾಸ್ಟಿಕ್ ಗಿಡಗಳೂ ಸಾಲಾಗಿ ಒಣಗುತ್ತವೆ. ಮಳೆಗಾಲದಲ್ಲಿ ಬ್ರಷ್ ಅಥವಾ ಪೆರಾಕ್ಸೈಡ್ ಮಾತ್ರ. ಬ್ಲೀಚ್ ಮಾಡಲೇಬೇಕಾಗಿ ಬಂದರೆ ಆಂಟಿ ಕ್ಲೋರಿನ್ ನೀರಿನಲ್ಲಿ ಎರಡು ದಿನ ಇಟ್ಟು, ಆಮೇಲೆ ಫ್ಯಾನಿನ ಕೆಳಗೆ ಎರಡು ಮೂರು ದಿನ. ಹೊಗೆ ತಾಗುವ ಒಲೆಯ ಅಟ್ಟದಲ್ಲಿ ಇಡಬೇಡಿ.

ಗೊಂಬೆ ವಾಪಸ್ ಇಟ್ಟ ಮೇಲೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ಏನು ಮಾಡಲಿ?

ಮೊದಲು ಗೊಂಬೆ ಹೊರಗೆ ತೆಗೆಯಿರಿ. ಆಂಟಿ ಕ್ಲೋರಿನ್ ಹಾಕಿ, ಏರ್ ಪಂಪ್ ಜೋರು ಮಾಡಿ, ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿಗೂ ಆಂಟಿ ಕ್ಲೋರಿನ್ ಬೇಕು, ಬಿಸಿ ಹೆಚ್ಚುಕಡಿಮೆ ಟ್ಯಾಂಕಿನಷ್ಟೇ ಇರಬೇಕು. ಸುರಂಗದ ನೀರನ್ನು ನೇರ ಹಿಡಿದು ಹೊಯ್ಯಬೇಡಿ, ನೆಲದಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಒಂದು ಬಕೆಟ್ ನೀರು ಯಾವಾಗಲೂ ತುಂಬಿಸಿ ಇಟ್ಟುಕೊಂಡಿದ್ದರೆ ಇಂಥ ಹೊತ್ತಿಗೆ ಜೀವ ಉಳಿಸುತ್ತದೆ.

ಎಷ್ಟು ಮಾಡಿದರೂ ಹೋಗದಿದ್ದರೆ?

ಪ್ಲಾಸ್ಟಿಕ್ ಗಿಡವಾದರೆ ಬಿಸಾಡಿ, ಹೊಸದು ತನ್ನಿ. ನಿಮ್ಮ ಒಂದು ದಿನದ ಬೆಲೆ ಅದಕ್ಕಿಂತ ಜಾಸ್ತಿ. ಬಣ್ಣ ಎದ್ದ ಗೊಂಬೆ, ಒಳಗಿನ ಕಬ್ಬಿಣ ತುಕ್ಕು ಬಿಟ್ಟ ಗೊಂಬೆ, ಕೊಳೆತ ಮೊಟ್ಟೆಯ ವಾಸನೆ ಬರುವ ಟೊಳ್ಳು ಗೊಂಬೆ, ಇವನ್ನು ತೊಳೆಯುವ ಶ್ರಮವೇ ಬೇಡ.

ಹೇಳುವುದು ಸುಲಭ, ನಾನೇ ಮಾಡಿಲ್ಲ. ಗುಳ್ಳೆ ಬಂದಾಗ ಬಾಯಿ ತೆರೆಯುವ ಒಂದು ಮೊಸಳೆ ಗೊಂಬೆ ನಮ್ಮಲ್ಲಿತ್ತು. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನಕ್ಕೆ ಹೋಗಿ ಬಂದ ಮೇಲೆ ಮಕ್ಕಳು ಅದಕ್ಕೆ ಬಬಿಯಾ ಎಂದು ಹೆಸರಿಟ್ಟರು. 2022ರ ಅಕ್ಟೋಬರಿನಲ್ಲಿ ಆ ದೇವಸ್ಥಾನದ ಕೆರೆಯ ನಿಜವಾದ ಮೊಸಳೆ ಬಬಿಯಾ ಸತ್ತ ವಾರವೇ ನಮ್ಮ ಬಬಿಯಾನ ಬೆನ್ನಿನ ಬಣ್ಣ ಸಿಪ್ಪೆ ಏಳಲು ಶುರುವಾಯಿತು. ಟ್ಯಾಂಕಿನಿಂದ ತೆಗೆದೆ. ಬಿಸಾಡಲು ಮಕ್ಕಳು ಬಿಡಲಿಲ್ಲ. ಈಗ ಅದು ಬಾವಿಕಟ್ಟೆಯ ಮೇಲೆ ಕೂತಿದೆ, ಮಳೆಗಾಲದಲ್ಲಿ ಮೈತುಂಬ ಪಾಚಿ.